85, 13, 13, 10

ಬೆಳಿಗ್ಗೆಯಿಂದ ತಲೆ ಕೆಟ್ಟುಹೋಗಿದೆ. ಬೈಯೋಕೆ ಎದುರಿಗೆ ಯಾರೂ ಸಿಗಲಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಇದೆ. ಪೈಥಾನ್ ಅಂದರೆ ಹೆಬ್ಬಾವು ಮಾತ್ರ ಅಂದುಕೊಂಡಿರುವವರು ಲೈಕ್ ಒತ್ತಿ ಮುಂದೆ ಹೋಗಬಹುದು, ಬೇಜಾರಿಲ್ಲ.

ನಿಮಗೆ ಗೊತ್ತೇ ಇದೆ, ನನ್ನ ಕೆಲಸ ಹೊಸದು ಕಟ್ಟೋದಲ್ಲ. ಬೇರೆಯವರು ಕಟ್ಟಿ ಬಿಟ್ಟುಹೋದದ್ದು ಬೀಳದ ಹಾಗೆ ನೋಡಿಕೊಳ್ಳೋದು. ನಮ್ಮ ಒಂದು ಸರ್ವರ್‌ನಲ್ಲಿ ಇನ್ನೂ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ 3.8 ಕೂತಿತ್ತು. 2019ರ ಅಕ್ಟೋಬರ್‌ನಲ್ಲಿ ಬಂದ ವರ್ಷನ್ ಅದು. 2024ರ ಅಕ್ಟೋಬರ್‌ಗೆ ಅದರ ಸೆಕ್ಯೂರಿಟಿ ರಿಪೇರಿಯೂ ನಿಂತುಹೋಗಿದೆ. ಇವತ್ತು ನಾಳೆ ಅಂತ ತಳ್ಳಿ ತಳ್ಳಿ, ಕೊನೆಗೆ ನಿನ್ನೆ ರಾತ್ರಿ ಕೂತು 3.12ಕ್ಕೆ ಏರಿಸಿದೆ. ನಾವೇ ಬರೆದುಕೊಂಡ ಪ್ರೋಗ್ರಾಮ್‌ಗಳು ಅಲ್ಲಲ್ಲಿ ಮುನಿಸಿಕೊಂಡರೂ ಬೆಳಗಿನ ಜಾವದ ಹೊತ್ತಿಗೆ ಎಲ್ಲ ಓಡಿದವು. ಒಂದು ಮಾತ್ರ ಒಂದೇ ಸಾಲು ಹೇಳಿ ಸತ್ತುಹೋಯಿತು. "ಬ್ಯಾಡ್ ಮ್ಯಾಜಿಕ್ ನಂಬರ್."

ಅದು ಹೊರಗಿನವರಿಂದ ಬರೆಸಿದ್ದು. ತಿಂಗಳ ಕೊನೆಯ ರಿಪೋರ್ಟ್ ತಯಾರಿಸುವ ಪ್ರೋಗ್ರಾಮ್. ಯಾರು ಬರೆದರು ಅಂತ ಹೇಳೋದಿಲ್ಲ, ಕೇಳಬೇಡಿ. ಫೋಲ್ಡರ್ ತೆಗೆದು ನೋಡಿದರೆ ಒಂದೇ ಒಂದು ಪೈಥಾನ್ ಸೋರ್ಸ್ ಫೈಲ್, ಅಂದರೆ ಮನುಷ್ಯರು ಬರೆದ ಮೂಲ ಕೋಡ್, ಇಲ್ಲ. ಇರೋದೆಲ್ಲ ಪಿವೈಸಿ ಫೈಲ್‌ಗಳು, ಅಂದರೆ ಕಂಪೈಲ್ ಆದ ಬೈಟ್‌ಕೋಡ್. ಜೊತೆಗೊಂದು ರೀಡ್‌ಮಿ. ಅದರಲ್ಲಿ "ಸರಿಯಾಗಿ ಓಡಿಸಿ" ಅನ್ನೋ ಅರ್ಥದ ಎರಡು ಸಾಲು. ಆಯ್ತು, ಓಡಿಸ್ತೀನಿ ಸ್ವಾಮಿ, ಓಡಬೇಕಲ್ಲ?

ಗೊತ್ತಿಲ್ಲದವರಿಗೆ ಚೂರು ಹೇಳಿಬಿಡುತ್ತೇನೆ. ನಾವು ಬರೆದ ಪೈಥಾನ್ ಕೋಡನ್ನು ಇಂಟರ್‌ಪ್ರಿಟರ್ ಹಾಗೇ ಓಡಿಸೋದಿಲ್ಲ. ಮೊದಲು ತನಗೆ ಅನುಕೂಲವಾದ ಸಣ್ಣ ಸಣ್ಣ ಆಜ್ಞೆಗಳಾಗಿ ಮುರಿದುಕೊಳ್ಳುತ್ತೆ. ಅದೇ ಬೈಟ್‌ಕೋಡ್. ಪ್ರತಿ ಸಲ ಮುರಿಯೋದು ಯಾಕೆ ಅಂತ ಅದನ್ನು ಒಂದು ಫೈಲ್‌ನಲ್ಲಿ ಇಟ್ಟುಕೊಳ್ಳುತ್ತೆ. ತಾನೇ ಓದಿಕೊಳ್ಳಲು ತಾನೇ ಬರೆದುಕೊಂಡ ಚೀಟಿ ಇದ್ದ ಹಾಗೆ. ಪೈಥಾನ್ 3.2ರಿಂದ ಈ ಚೀಟಿಗಳಿಗೆಲ್ಲ ಪೈಕ್ಯಾಶ್ ಅಂತ ಬೇರೆ ಫೋಲ್ಡರೇ ಇದೆ. ಹೆಸರಲ್ಲೇ ಕ್ಯಾಶ್ ಅಂತಿದೆ. ದುಡ್ಡಿನ ಕ್ಯಾಶ್ ಅಲ್ಲ ಮಾರಾಯ್ರೇ, ಬೇಕಾದಾಗ ಎಸೆದು ಮತ್ತೆ ಮಾಡಿಕೊಳ್ಳಬಹುದಾದ ಕ್ಯಾಶ್. ಇದನ್ನು ಬರೆದುಕೊಟ್ಟವರು ಅದನ್ನೇ ಮೂಲ ಕೋಡ್ ಅಂದುಕೊಂಡು ಬಿಲ್ ಮಾಡಿದ್ದಾರೆ.

ಹೊಟ್ಟೆಕಿಚ್ಚಿಗೆ ಒಂದು ಫೈಲ್‌ನ ಬೈಟ್‌ಗಳನ್ನೇ ತೆಗೆದು ನೋಡಿದೆ. ಮೊದಲ ನಾಲ್ಕು ಬೈಟ್: 85, 13, 13, 10. ಮೊದಲೆರಡನ್ನು ಸೇರಿಸಿ ಓದಬೇಕು. 13 ಸಲ 256, ಅಂದರೆ 3328. ಅದಕ್ಕೆ 85 ಕೂಡಿದರೆ 3413. ಇದೇ ಆ ಮ್ಯಾಜಿಕ್ ನಂಬರ್, ಪೈಥಾನ್ 3.8ರ ಮುದ್ರೆ. 3.12ರ ಮುದ್ರೆ 3531, ಅಂದರೆ ಮೊದಲ ಬೈಟ್ 203 ಇರಬೇಕಿತ್ತು. ಹಿಂದಿನ 13, 10 ಅನ್ನೋದು ಸಾಲು ಮುಗಿದಾಗ ಬರುವ ಗುರುತುಗಳು. ಯಾರಾದರೂ ಈ ಫೈಲನ್ನು ಮಾಮೂಲಿ ಪಠ್ಯ ಅಂದುಕೊಂಡು ಕಾಪಿ ಮಾಡಿ ಕೆಡಿಸಿದರೆ ಅಲ್ಲೇ ಸಿಕ್ಕಿಬೀಳಲಿ ಅಂತ ಹಾಕಿದ್ದು. ಎಷ್ಟು ಜಾಣತನ ನೋಡಿ. ಪೈಥಾನ್ ಮಾಡಿದವರು ಈ ಚೀಟಿ ತಪ್ಪು ಕೈಗೆ ಹೋಗಬಾರದು ಅಂತ ಇಷ್ಟೆಲ್ಲ ಎಚ್ಚರಿಕೆ ವಹಿಸಿದ್ದಾರೆ. ಇವರು ಅದನ್ನೇ ಜಿಪ್ ಮಾಡಿ ಕಳಿಸಿದ್ದಾರೆ.

ಬರೆದುಕೊಟ್ಟವರಿಗೆ ಫೋನ್ ಮಾಡಿದೆ. ಆ ಕಡೆ ಇದ್ದ ಹುಡುಗ ಪಾಪ ಮೆತ್ತಗೆ ಮಾತಾಡಿದ. "ಮೇಡಂ, ನಾವು ಕಂಪೈಲ್ ಮಾಡಿ ಕೊಡ್ತೀವಿ. ಸೆಕ್ಯೂರ್ ಆಗಿರುತ್ತೆ, ಸ್ಪೀಡೂ ಜಾಸ್ತಿ."

ತೆಂಗಿನಮರ ಯಾಕಪ್ಪಾ ಹತ್ತಿದೆ ಅಂದರೆ ಕರುವಿಗೆ ಹುಲ್ಲು ತರೋಕೆ ಅಂದನಂತೆ. ಸ್ಪೀಡ್ ಅಂತೆ! ಪೈಥಾನ್‌ನ ಸ್ವಂತ ದಾಖಲೆಯಲ್ಲೇ ಬರೆದಿದ್ದಾರೆ, ಪಿವೈಸಿಯಿಂದ ಓಡಿಸಿದರೆ ಪ್ರೋಗ್ರಾಮ್ ಒಂದು ಚೂರೂ ಬೇಗ ಓಡೋದಿಲ್ಲ, ಬೇಗ ಆಗೋದು ಲೋಡ್ ಮಾತ್ರ ಅಂತ. ತಿಂಗಳಿಗೊಮ್ಮೆ ಓಡೋ ಪ್ರೋಗ್ರಾಮ್‌ಗೆ ಆ ಕ್ಷಣಾರ್ಧ ಉಳಿಸಿ ನಾನೇನು ಮಾಡಲಿ?

ಸೆಕ್ಯೂರ್ ಅನ್ನೋದು ಇನ್ನೂ ಚೆನ್ನಾಗಿದೆ. ಈ ಫೈಲ್‌ಗಳನ್ನು ಬಿಡಿಸಿ ಸೋರ್ಸ್ ತೆಗೆಯಬಾರದು ಅಂತ ಕರಾರಿನಲ್ಲಿದೆ. ನಾನು ಬಿಡಿಸಲಿಲ್ಲ. ಒಳಗಿರೋ ಅಕ್ಷರಗಳ ಮೇಲೆ ಸುಮ್ನೆ ಕಣ್ಣಾಡಿಸಿದೆ ಅಷ್ಟೆ. ಕಣ್ಣಾಡಿಸೋದು ಬಿಡಿಸಿದ ಹಾಗಲ್ಲ ಅಂತ ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ಎರಡೇ ನಿಮಿಷದಲ್ಲಿ ಏನೇನು ಸಿಕ್ಕಿತು ಗೊತ್ತಾ? ಎಲ್ಲ ಫಂಕ್ಷನ್‌ಗಳ ಹೆಸರು. ಎಲ್ಲ ವೇರಿಯಬಲ್‌ಗಳ ಹೆಸರು. ಅದರಲ್ಲೊಂದು "ಟೆಂಪ್ ಫೈನಲ್ 2". ಬರೆದವನ ಕಂಪ್ಯೂಟರಿನಲ್ಲಿ ಫೈಲ್ ಇದ್ದ ಪೂರ್ತಿ ದಾರಿ, ಡೆಸ್ಕ್‌ಟಾಪ್ ಮೇಲಿನ "ನ್ಯೂ ಫೋಲ್ಡರ್ 3" ಸಮೇತ. ಇದೆಲ್ಲ ಆದ ಮೇಲೆ, ಡೇಟಾಬೇಸಿನ ಪಾಸ್‌ವರ್ಡ್. ಇಡೀ ಪಾಸ್‌ವರ್ಡ್, ಬರಿಗಣ್ಣಿಗೆ ಕಾಣೋ ಹಾಗೆ.

ನನಗೆ ಜಾಸ್ತಿ ಉರಿದದ್ದು ಇಲ್ಲೇ. ಬೈಟ್‌ಕೋಡ್ ಆಗುವಾಗ ಏನು ಹೋಗುತ್ತೆ, ಏನು ಉಳಿಯುತ್ತೆ ಅಂತ ಸ್ವಲ್ಪ ಯೋಚನೆ ಮಾಡಿ. ಕೋಡಿನ ಮಧ್ಯೆ ಬರೆದಿಟ್ಟ ಟಿಪ್ಪಣಿಗಳು, ಅಂದರೆ ಕಾಮೆಂಟ್‌ಗಳು, ಹೋಗುತ್ತವೆ. "ಈ ತಿಂಗಳು ಮಾತ್ರ ಹೀಗೆ ಯಾಕೆ ಲೆಕ್ಕ ಹಾಕಿದ್ದೀವಿ ಅಂದರೆ" ಅಂತ ಯಾರೋ ಪುಣ್ಯಾತ್ಮ ಬರೆದಿಟ್ಟಿದ್ದರೆ ಅದು ಹೋಯಿತು. ಪಾಸ್‌ವರ್ಡ್ ಉಳಿಯುತ್ತೆ. ಅಂದರೆ ನೋಡಿಕೊಳ್ಳುವವಳಿಗೆ ಬೇಕಾದದ್ದೆಲ್ಲ ಮಾಯ, ಕದಿಯುವವನಿಗೆ ಬೇಕಾದದ್ದೆಲ್ಲ ಭದ್ರ. ಎರರ್ ಬಂದರೆ "212ನೇ ಸಾಲಿನಲ್ಲಿ ತಪ್ಪು" ಅನ್ನುತ್ತೆ, ಆದರೆ ಆ ಸಾಲು ತೋರಿಸೋದಿಲ್ಲ, ಯಾಕೆಂದರೆ ತೋರಿಸೋಕೆ ಸೋರ್ಸೇ ಇಲ್ಲ. 212ನೇ ಸಾಲು ಯಾರದೋ ಡೆಸ್ಕ್‌ಟಾಪ್ ಮೇಲೆ, ನ್ಯೂ ಫೋಲ್ಡರ್ 3ರಲ್ಲಿದೆ. ಇನ್ನು ಕಳ್ಳನ ವಿಷಯ. 3.8ರವರೆಗಿನ ಬೈಟ್‌ಕೋಡನ್ನು ಮತ್ತೆ ಸೋರ್ಸ್ ಮಾಡಿಕೊಡುವ ಅನ್‌ಕಂಪೈಲ್6 ಅನ್ನೋ ಟೂಲ್ ಪುಕ್ಕಟೆ ಸಿಗುತ್ತೆ. ಕಳ್ಳ ಕರಾರು ಓದಿಕೊಂಡು ಕೂರೋದಿಲ್ಲ, ಬಿಡಿಸಿಬಿಡುತ್ತಾನೆ. ಕರಾರಿಗೆ ಸಹಿ ಹಾಕಿದ ನಾವು ಕೈಕಟ್ಟಿ ಕೂರಬೇಕು.

"ಹೊಸ ವರ್ಷನ್‌ಗಳನ್ನು ಬಿಡಿಸೋದು ಅಷ್ಟು ಸುಲಭ ಅಲ್ಲ" ಅಂತ ಯಾರಾದರೂ ಕೆಳಗೆ ಬರೆಯುತ್ತೀರಿ, ಗೊತ್ತು. ನಿಜ, ಹೀಗೆ ಸೋರ್ಸ್ ಬಿಡಿಸಿಕೊಡುವ ಡಿಕಂಪೈಲರ್‌ಗಳು ಹೊಸ ವರ್ಷನ್‌ಗಳ ಹಿಂದೆ ಏದುಸಿರು ಬಿಡುತ್ತಾ ಓಡುತ್ತಿವೆ. ಆದರೆ ಬೈಟ್‌ಕೋಡನ್ನು ಒಂದೊಂದೇ ಆಜ್ಞೆಯಾಗಿ ಬಿಡಿಸಿ ತೋರಿಸುವ ಡಿಸ್ ಅನ್ನೋ ಮಾಡ್ಯೂಲ್ ಪೈಥಾನ್ ಜೊತೆಗೇ ಬರುತ್ತೆ. ಬೀಗದ ಜೊತೆ ಬೀಗದ ಕೈಯನ್ನೂ ಅಂಗಡಿಯವನೇ ಕೊಟ್ಟ ಹಾಗೆ. ಡ್ರಾಪ್‌ಬಾಕ್ಸ್‌ನವರು ತಮ್ಮ ಪೈಥಾನ್ ಪ್ರೋಗ್ರಾಮ್ ಕಳಿಸುವಾಗ ಆಜ್ಞೆಗಳ ನಂಬರ್‌ಗಳನ್ನೇ ಅದಲು ಬದಲು ಮಾಡಿ, ಮೇಲೆ ಎನ್‌ಕ್ರಿಪ್ಷನ್ ಬೇರೆ ಹಾಕಿದ್ದರು. 2013ರಲ್ಲಿ ಇಬ್ಬರು ಸಂಶೋಧಕರು ಅದನ್ನೂ ಬಿಚ್ಚಿ, ಹೇಗೆ ಬಿಚ್ಚಿದೆವು ಅಂತ ಪೇಪರ್ ಬರೆದರು. ಅಷ್ಟು ದೊಡ್ಡವರ ಬೀಗವೇ ನಿಲ್ಲಲಿಲ್ಲ. ನಮ್ಮ ರಿಪೋರ್ಟ್ ಪ್ರೋಗ್ರಾಮ್‌ಗೆ ಅಂಥ ಯಾವ ಬೀಗವೂ ಇಲ್ಲ. ಇರೋದು ಒಂದು ಎಕ್ಸ್‌ಟೆನ್ಷನ್.

ಇಷ್ಟು ಬೈದ ಮೇಲೆ ಒಂದು ತಪ್ಪೊಪ್ಪಿಗೆ. ಹಳೇ ಗೆಳೆಯರು ಹೇಗೂ ಬಿಡೋದಿಲ್ಲ, ನಾನೇ ಹೇಳಿಬಿಡುತ್ತೇನೆ.

ನಾನೂ ಇದನ್ನು ಮಾಡಿದ್ದೇನೆ. ಪೈಥಾನ್ ಅಲ್ಲ, ಲುವಾ ಅನ್ನೋ ಇನ್ನೊಂದು ಭಾಷೆ. ಒಂದು ಸಣ್ಣ ಡಿವೈಸ್‌ಗೆ ಸ್ಕ್ರಿಪ್ಟ್ ಬರೆದು, ಅದರ ಕಂಪೈಲರ್ ಲುವಾಸಿ ಹಾಕಿ ಕಂಪೈಲ್ ಮಾಡಿ, ಸಾಲಿನ ನಂಬರ್‌ಗಳನ್ನೂ ಕಿತ್ತುಹಾಕಿ, ಏನೋ ದೊಡ್ಡ ಎಂಜಿನಿಯರ್ ಥರ ಕಳಿಸಿದ್ದೆ. ಮೊದಲನೇ ದಿನವೇ "ಬ್ಯಾಡ್ ಹೆಡರ್" ಅಂತ ಬಂತು. ಲುವಾ 5.1ರ ಬೈಟ್‌ಕೋಡ್ ತನ್ನ ಹಣೆಯ ಮೇಲೆ ತಾನು ಹುಟ್ಟಿದ ಯಂತ್ರದ ಅಳತೆಗಳನ್ನು ಬರೆದುಕೊಂಡಿರುತ್ತೆ. ನನ್ನ ಲ್ಯಾಪ್‌ಟಾಪ್ 64 ಬಿಟ್, ಆ ಡಿವೈಸ್ 32 ಬಿಟ್. ವರ್ಷನ್ ಒಂದೇ ಆದರೂ ಅಳತೆ ಹೊಂದಲಿಲ್ಲ. ಅದನ್ನು ಹೇಗೋ ಸರಿಮಾಡಿದೆ. ಆಮೇಲೆ ಒಂದು ದಿನ ನಿಜವಾದ ತಪ್ಪು ಬಂತು. ಎರರ್‌ನಲ್ಲಿ ಫೈಲ್ ಹೆಸರು ಇರಬೇಕಾದ ಜಾಗದಲ್ಲಿ ಬರೀ ಪ್ರಶ್ನೆ ಚಿಹ್ನೆ. ನಾನೇ ಕಿತ್ತುಹಾಕಿದ್ದೆನಲ್ಲ! ಎರಡು ದಿನ ಕತ್ತಲಲ್ಲಿ ತಡಕಾಡಿದೆ.

ಯಾಕೆ ಮಾಡಿದೆ ಅಂತ ಆಗ ಕೇಳಿದ್ದರೆ ಮೆಮೊರಿ ಉಳಿಯುತ್ತೆ, ಕೋಡ್ ಸುರಕ್ಷಿತ, ಅಂತೆಲ್ಲ ಹೇಳುತ್ತಿದ್ದೆ. ನಿಜ ಹೇಳಲಾ? ನನ್ನ ಕೋಡ್ ಗಲೀಜಾಗಿತ್ತು. ಒಂದೇ ಫಂಕ್ಷನ್ ನಾಲ್ಕು ಕಡೆ ಕಾಪಿ ಮಾಡಿದ್ದೆ. ಯಾರಾದರೂ ತೆಗೆದು ನೋಡಿ ನಗುತ್ತಾರೆ ಅಂತ ನಾಚಿಕೆ. ಕದಿಯುತ್ತಾರೆ ಅನ್ನೋ ಭಯ ಒಂದು ದಿನವೂ ಇರಲಿಲ್ಲ. ಕದಿಯೋ ಅಂಥದ್ದು ಅದರಲ್ಲಿ ಏನಿತ್ತು? ಅದಕ್ಕೇ ಇವತ್ತು "ಟೆಂಪ್ ಫೈನಲ್ 2" ನೋಡಿದಾಗ ಸಿಟ್ಟಿನ ಮಧ್ಯೆಯೂ ಸ್ವಲ್ಪ ನಗು ಬಂತು. ನಮ್ಮ ಜಾತಿಯವನೇ ಇವನು ಅನ್ನಿಸಿತು.

ಸರಿ, ಸಿಟ್ಟಿಗೆ ವಾಪಸ್ ಬರೋಣ. "ಜಾವಾದವರೂ ಬೈಟ್‌ಕೋಡನ್ನೇ ಕಳಿಸ್ತಾರಲ್ಲ" ಅಂತ ಆ ಹುಡುಗನೂ ಕೇಳಿದ. ಕಳಿಸ್ತಾರೆ. ಆದರೆ ಜಾವಾದ ಕ್ಲಾಸ್ ಫೈಲ್ ಹೇಗಿರಬೇಕು ಅಂತ ಬರೆದು ಪ್ರಕಟಿಸಿದ ನಿಯಮ ಇದೆ. ಹಳೆಯ ಕ್ಲಾಸ್ ಫೈಲನ್ನು ಹೊಸ ಜಾವಾ ಓದುತ್ತೆ. ಅಲ್ಲಿ ಬೈಟ್‌ಕೋಡ್ ಅನ್ನೋದು ಕೊಟ್ಟ ಮಾತು. ಪೈಥಾನ್‌ನವರು ಆ ಮಾತು ಕೊಟ್ಟೇ ಇಲ್ಲ. ಇದು ನಮ್ಮ ಒಳಗಿನ ವಿಷಯ, ವರ್ಷನ್‌ನಿಂದ ವರ್ಷನ್‌ಗೆ ಬದಲಾಗಬಹುದು, ನೆಚ್ಚಿಕೊಳ್ಳಬೇಡಿ ಅಂತ ಬಾಯಿಬಿಟ್ಟು ಹೇಳಿದ್ದಾರೆ. ಹೇಳಿದ ಹಾಗೆ ಬದಲಾಯಿಸಿಯೂ ಇದ್ದಾರೆ. 3.6ರಲ್ಲಿ ಪ್ರತಿ ಆಜ್ಞೆಯ ಅಳತೆ ಬದಲಾಯಿತು, 3.7ರಲ್ಲಿ ಫೈಲಿನ ಹೆಡರ್ 16 ಬೈಟ್ ಆಯಿತು, 3.11ರಲ್ಲಿ ಸ್ಪೀಡ್‌ಗೋಸ್ಕರ ಒಳಗಿನದೆಲ್ಲ ಅಲ್ಲಾಡಿಸಿದರು. ಅವರ ಮನೆಯ ಒಳಗಿನ ಗೋಡೆ, ಅವರು ಒಡೆದು ಕಟ್ಟುತ್ತಾರೆ. ನಾವು ಆ ಗೋಡೆಗೆ ಮೊಳೆ ಹೊಡೆದು ನಮ್ಮ ಕ್ಯಾಲೆಂಡರ್ ನೇತುಹಾಕಿದರೆ ತಪ್ಪು ಯಾರದು?

ಫೋನ್‌ಗಳಲ್ಲಿ ಹರ್ಮಿಸ್ ಅನ್ನೋ ಎಂಜಿನ್ ಬಳಸುವಾಗ ಜಾವಾಸ್ಕ್ರಿಪ್ಟನ್ನು ಮೊದಲೇ ಬೈಟ್‌ಕೋಡ್ ಮಾಡಿ ಆ್ಯಪ್ ಒಳಗೆ ಇಟ್ಟುಬಿಡುತ್ತಾರೆ, ಆ್ಯಪ್ ಬೇಗ ತೆರೆದುಕೊಳ್ಳಲಿ ಅಂತ. ಅದಕ್ಕೆ ನನ್ನ ತಕರಾರಿಲ್ಲ. ಅಲ್ಲಿ ಬೈಟ್‌ಕೋಡೂ ಅದನ್ನು ಓಡಿಸೋ ಎಂಜಿನ್ನೂ ಒಂದೇ ಪೊಟ್ಟಣದಲ್ಲಿ ಬರುತ್ತವೆ. ಪೈಥಾನ್ ಪ್ರೋಗ್ರಾಮ್ ಪ್ಯಾಕ್ ಮಾಡೋ ಪೈಇನ್‌ಸ್ಟಾಲರ್ ಕೂಡ ಇಂಟರ್‌ಪ್ರಿಟರನ್ನು ಜೊತೆಗೇ ಕಟ್ಟಿ ಕೊಡುತ್ತೆ. ಹಾಗಾದರೂ ಕೊಟ್ಟಿದ್ದರೆ ನಿನ್ನೆ ರಾತ್ರಿ ನಾನು ನಿದ್ದೆ ಮಾಡುತ್ತಿದ್ದೆ. ಚೀಟಿ ಕಳಿಸೋರು ಅದನ್ನು ಓದೋಕೆ ಬರೋನನ್ನೂ ಜೊತೆಗೆ ಕಳಿಸಬೇಕು ತಾನೆ?

"ಅವರ ಹೊಟ್ಟೆಪಾಡು ಕಣೇ, ಸೋರ್ಸ್ ಕೊಟ್ಟರೆ ನಾಳೆ ನೀವೇ ಇನ್ನೊಬ್ಬರ ಹತ್ರ ಮಾಡಿಸಿಕೊಳ್ತೀರಿ" ಅಂತ ಮಧ್ಯಾಹ್ನ ಗೆಳತಿಯೊಬ್ಬಳು ವಾದ ಮಾಡಿದಳು. ಹೊಟ್ಟೆಪಾಡಿನ ಬಗ್ಗೆ ನಾನು ಹಗುರವಾಗಿ ಮಾತಾಡೋದಿಲ್ಲ. ಆದರೆ ಅದಕ್ಕೆ ಕರಾರು ಇದೆ, ಲೈಸೆನ್ಸ್ ಇದೆ. ನಿಜವಾಗಲೂ ಮುಚ್ಚಿಡೋ ಗುಟ್ಟಿದ್ದರೆ ಆ ಭಾಗವನ್ನು ತಮ್ಮದೇ ಸರ್ವರ್‌ನಲ್ಲಿ ಇಟ್ಟುಕೊಳ್ಳಲಿ. ಇಲ್ಲವಾ, ನುಯಿಟ್ಕಾ ಅನ್ನೋ ಕಂಪೈಲರ್ ಹಾಕಿ ಸಿ ಭಾಷೆಯ ಮೂಲಕ ಮೆಷಿನ್ ಕೋಡ್ ಮಾಡಲಿ. ಬಿಡಿಸೋಕೆ ಅದು ಎಷ್ಟೋ ಕಷ್ಟ. ಇದ್ಯಾವುದಕ್ಕೂ ಮೈ ಬಗ್ಗಿಸದೆ ಒಂದು ಕಮಾಂಡ್ ಹೊಡೆದು ಸೋರ್ಸ್ ಅಳಿಸಿ ಕಳಿಸೋದು ಹೊಟ್ಟೆಪಾಡಲ್ಲ, ಸೋಮಾರಿತನ. ಹಾಗಂದಿದ್ದಕ್ಕೆ "ನಿನಗೆ ನಿದ್ದೆ ಆಗಿಲ್ಲ, ಮಲಗು" ಅಂದಳು. ಅದು ಮಾತ್ರ ಸರಿ.

ಸದ್ಯಕ್ಕೆ ಹಳೇ 3.8ನ್ನು ಸರ್ವರ್‌ನಲ್ಲೇ ಉಳಿದದ್ದರಿಂದ ಬೇರ್ಪಡಿಸಿದ ಒಂದು ಡಬ್ಬಿ, ಅಂದರೆ ಕಂಟೇನರ್ ಒಳಗೆ ಕೂಡಿಹಾಕಿ ರಿಪೋರ್ಟ್ ತೆಗೆಸಿದ್ದೇನೆ. ಅದಕ್ಕೆ ಹೊರಗಿನ ನೆಟ್‌ವರ್ಕ್ ಕೊಟ್ಟಿಲ್ಲ. ಪಾಸ್‌ವರ್ಡ್ ಬದಲಾಯಿಸೋಣ ಅಂದರೆ ಅದು ಆ ಫೈಲಿನ ಒಳಗಿದೆ. ನಾನು ಬದಲಾಯಿಸಿದರೆ ಪ್ರೋಗ್ರಾಮ್ ನಿಂತುಹೋಗುತ್ತೆ.

ಆ ಹುಡುಗನಿಗೆ ಮೇಲ್ ಹಾಕಿದೆ. ಸೋರ್ಸ್ ಕೊಡಿ, ಇಲ್ಲದಿದ್ದರೆ ಕನಿಷ್ಠ 3.12ರಲ್ಲಿ ಕಂಪೈಲ್ ಮಾಡಿ ಕೊಡಿ, ಪಾಸ್‌ವರ್ಡನ್ನು ಹೊರಗೆ ಒಂದು ಕಾನ್ಫಿಗ್ ಫೈಲ್‌ನಲ್ಲಿಡಿ ಅಂತ ಬಿಡಿಸಿ ಬಿಡಿಸಿ ಬರೆದೆ. 3.12 ಅನ್ನೋದನ್ನು ದಪ್ಪಕ್ಷರದಲ್ಲಿ ಹಾಕಿದೆ. ಇದನ್ನು ಟೈಪ್ ಮಾಡುತ್ತಿರುವಾಗಲೇ ಉತ್ತರ ಬಂತು. "ಡನ್ ಮೇಡಂ, ಪ್ಲೀಸ್ ಚೆಕ್." ಜೊತೆಗೆ ಹೊಸ ಜಿಪ್. ಸೋರ್ಸ್ ಇಲ್ಲ, ಪಿವೈಸಿಗಳೇ.

ತೆಗೆದು ಮೊದಲ ನಾಲ್ಕು ಬೈಟ್ ನೋಡಿದೆ. 167, 13, 13, 10.

3328ಕ್ಕೆ 167 ಕೂಡಿ. 3495. ಅದು 3.11ರದ್ದು.