ತುಂಬಿದ ಚೀಲ ಯಾರ ಜವಾಬ್ದಾರಿ?

ಜರ್ಮನಿಯ ನಮ್ಮ ನೆರೆಹೊರೆಯ ಮನೆಗಳಲ್ಲಿ, ಕೋಟು ತೂಗುಹಾಕುವ ಗೂಟದ ಪಕ್ಕ ಮಕ್ಕಳ ಚೀಲವೊಂದು ಸದಾ ತುಂಬಿಕೊಂಡೇ ಇರುತ್ತದೆ. ಪಾರ್ಕಿಗೆ ಹೊರಟವರು ಅಪ್ಪನಾಗಲಿ ಅಮ್ಮನಾಗಲಿ, ಅದನ್ನು ಹೆಗಲಿಗೇರಿಸಿಕೊಂಡರೆ ಸಾಕು. ರಜೆಗೆ ಬೆಂಗಳೂರಿಗೆ ಬಂದಾಗ ಬಸವನಗುಡಿಯ ಅಣ್ಣನ ಮನೆಯಲ್ಲಿ ಲಾಲ್‌ಬಾಗಿನ ಮಾತು ಬಂದ ಮೇಲೆಯೇ ಚೀಲದ ಹುಡುಕಾಟ ಶುರು. ಅತ್ತಿಗೆ ಅಡುಗೆಮನೆಗೂ ಕೋಣೆಗೂ ಓಡಾಡುತ್ತಾರೆ. ಅಣ್ಣ ಚಪ್ಪಲಿ ಮೆಟ್ಟಿಕೊಂಡು ಗೇಟಿನ ಬಳಿ ನಿಂತು, ಇನ್ನೂ ಎಷ್ಟು ಹೊತ್ತು ಎಂದು ಕೇಳುತ್ತಾನೆ.

ನನ್ನ ತಕರಾರು ಇರುವುದು ಇಲ್ಲೇ. ಮಕ್ಕಳಿಗೆ ಏನೇನು ಬೇಕೆಂಬ ಪಟ್ಟಿ ಒಬ್ಬರ ತಲೆಯಲ್ಲಿ ಮಾತ್ರ ಇದ್ದರೆ, ಅವರಿಗೆ ಜ್ವರ ಬಂದ ದಿನ ಮಕ್ಕಳಿಗೂ ಮನೆಯೇ ಗತಿ. ಚೀಲ ಸಿದ್ಧವಿದ್ದರೆ ಅಪ್ಪನಿಗೆ ನೆಪ ಉಳಿಯುವುದಿಲ್ಲ.

ಹಾಗೆಂದು ಜರ್ಮನಿಯ ಚೀಲವನ್ನೇ ಇಲ್ಲಿಗೆ ಹೊತ್ತು ತಂದರೆ ಪ್ರಯೋಜನವಿಲ್ಲ. ಮಳೆಯಲ್ಲೂ ಮಕ್ಕಳನ್ನು ಕೆಸರಿಗೆ ಬಿಡುವ ಜನ ಅವರು. ಚೀಲದ ಅರ್ಧ ಭಾಗ ನೀರಿಳಿಯದ ಪ್ಯಾಂಟು, ಟೋಪಿ, ಕಾಲುಚೀಲಗಳಿಗೇ ಹೋಗುತ್ತದೆ. ಭಾನುವಾರ ಬಹುತೇಕ ಅಂಗಡಿಗಳು ಕಾನೂನಿನ ಪ್ರಕಾರವೇ ಮುಚ್ಚಿರುವುದರಿಂದ, ಡಯಾಪರ್ ಮರೆತವರು ರೈಲು ನಿಲ್ದಾಣದ ಅಂಗಡಿಯನ್ನೋ ಪೆಟ್ರೋಲ್ ಬಂಕನ್ನೋ ಹುಡುಕಿಕೊಂಡು ಹೋಗಬೇಕು. ಆದರೆ ನಲ್ಲಿಯ ನೀರನ್ನು ಹಾಗೆಯೇ ಕುಡಿಯಬಹುದು. ಬೆಂಗಳೂರಿನಲ್ಲಿ ಎಲ್ಲವೂ ತಿರುವುಮುರುವು. ಡಯಾಪರ್ ರಸ್ತೆ ಮೂಲೆಯ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಬಾಯಾರಿದರೆ ಎಳನೀರಿನ ಗಾಡಿ ಇದೆ. ಕುಡಿಯುವ ನೀರು, ಸೋಪು, ಮಗುವನ್ನು ಮಲಗಿಸಿ ಬಟ್ಟೆ ಬದಲಿಸುವ ಜಾಗ ಇವುಗಳನ್ನು ಮಾತ್ರ ನಾವೇ ಒಯ್ಯಬೇಕು.

ಆದ್ದರಿಂದ ಇಲ್ಲಿನ ಚೀಲಕ್ಕೆ ನನ್ನ ಮೊದಲ ಆಯ್ಕೆ ಹಳೆಯ ಪಂಚೆಯ ತುಂಡು. ಹುಲ್ಲಿನ ಮೇಲೆ ಹಾಸಬಹುದು, ಮೈ ಒರೆಸಬಹುದು, ಮಗು ನಿದ್ದೆಹೋದರೆ ಹೊದಿಸಬಹುದು. ಅಲ್ಲಿ ದುಬಾರಿ ಬೆಲೆಗೆ ಮಾರುವ ಯಾವ ಚಾಪೆಯೂ ಇದಕ್ಕೆ ಸಮವಲ್ಲ. ಜೊತೆಗೆ ಒಂದು ರಬ್ಬರ್ ಶೀಟು, ಸ್ಟೀಲ್ ಬಾಟಲಿ, ಒದ್ದೆ ಬಟ್ಟೆಗೊಂದು ಕೈಚೀಲ. ಏಪ್ರಿಲ್, ಮೇ ತಿಂಗಳ ಸಂಜೆಮಳೆಗೆ ಕೊಡೆ. ಓಆರ್‌ಎಸ್ ಪೊಟ್ಟಣ ಇಡುವವರು ಅದರ ಮೇಲೆ ಬರೆದ ನೀರಿನ ಅಳತೆಯನ್ನು ಓದಲೇಬೇಕು: ಕೆಲವು 200 ಮಿಲಿಲೀಟರಿಗೆ, ಕೆಲವು ಒಂದು ಲೀಟರಿಗೆ. ಕಣ್ಣಂದಾಜಿನಲ್ಲಿ ಕಲಸುವ ವಸ್ತು ಅದಲ್ಲ. ಇಷ್ಟೆಲ್ಲ ಹೊತ್ತು ಬನ್ನೇರುಘಟ್ಟಕ್ಕೆ ಹೊರಡುವವರು ಮಂಗಳವಾರ ಹೋಗಬೇಡಿ, ಅಂದು ಮೃಗಾಲಯಕ್ಕೆ ರಜೆ.

ತಿಂಡಿಯ ವಿಷಯದಲ್ಲಿ ನಾನು ಪೂರ್ತಿ ಬೆಂಗಳೂರಿನ ಪಕ್ಷ. ಸೇಬಿನ ಹೋಳು, ರುಚಿಯೇ ಇಲ್ಲದ ಅಕ್ಕಿಯ ಬಿಲ್ಲೆ ಕೊಟ್ಟು ಮಕ್ಕಳನ್ನು ಸಂಜೆಯವರೆಗೆ ಆಡಿಸುವುದು ನನಗೆ ಒಪ್ಪಿಗೆಯಿಲ್ಲ. ತುಪ್ಪ ಸಕ್ಕರೆ ಸವರಿದ ಚಪಾತಿಯ ಸುರುಳಿ ಇರಲಿ. ಆದರೆ ಅದು ಬೇರೆ ಡಬ್ಬಿಯಲ್ಲಿ, ಹೊರಡುವ ದಿನವೇ ತುಂಬಬೇಕಾದದ್ದು. ಸಿದ್ಧ ಚೀಲದಲ್ಲಿ ಕೆಡದ ಖರ್ಜೂರ, ಹುರಿಗಡಲೆ ಸಾಕು.

ಚೀಲವನ್ನು ಮತ್ತೆ ತುಂಬುವುದು ವಾಪಸಾದ ರಾತ್ರಿಯ ಕೆಲಸ, ಅದೂ ಸರದಿಯ ಮೇಲೆ. ಆಗಾಗ ಒಳಗಿನ ಬಟ್ಟೆಯ ಅಳತೆಯನ್ನೂ ನೋಡಿಕೊಳ್ಳಬೇಕು. ಯುಗಾದಿಗೆ ಇಟ್ಟ ಚಡ್ಡಿ ದಸರೆಯ ಹೊತ್ತಿಗೆ ಸೊಂಟಕ್ಕೇರುವುದಿಲ್ಲ.