ಹೋಗಿ ಬಂದವನಿಗೆ ಒಂದು ಲೀಗ್

ಬ್ಯಾಂಕಾಕಿನಲ್ಲಿ ನೆಲೆಸಿರುವ ನಮ್ಮಂಥ ಕನ್ನಡಿಗರು ಫುಟ್‌ಬಾಲಿನ ಮಾತು ಬಂದರೆ 2019ರ ಜನವರಿ 6ರಂದು ಅಬುಧಾಬಿಯಲ್ಲಿ ನಡೆದ ಏಷ್ಯನ್ ಕಪ್ ಪಂದ್ಯವನ್ನು ಪ್ರಸ್ತಾಪಿಸದೆ ಇರುವುದಿಲ್ಲ. ಭಾರತ ಥಾಯ್ಲೆಂಡನ್ನು 4–1ರಿಂದ ಸೋಲಿಸಿತು, ಅದರಲ್ಲಿ ಎರಡು ಗೋಲು ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿಯವರದು. ಥಾಯ್ ತಂಡದ ಒಂಟಿ ಗೋಲನ್ನು ಫ್ರೀ ಕಿಕ್‌ಗೆ ತಲೆಯೊಡ್ಡಿ ಗಳಿಸಿದವರು ತೀರಸಿಲ್ ದಾಂಗ್ದಾ. ಮರುದಿನವೇ ಥಾಯ್ ತರಬೇತುದಾರರು ಕೆಲಸ ಕಳೆದುಕೊಂಡರು. ಅಂದಿನ ಗೆಲುವು ನಮ್ಮದೇ ನಿಜ. ಆದರೆ ಈ ಇಬ್ಬರು ಸ್ಟ್ರೈಕರ್‌ಗಳ ವೃತ್ತಿಬದುಕನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಮೆಚ್ಚಬೇಕಾದದ್ದು ಥಾಯ್ ದೇಶದ ಕ್ರಮವನ್ನು ಎಂದೇ ನನಗೆ ಅನಿಸುತ್ತದೆ.

ತೀರಸಿಲ್ 1988ರಲ್ಲಿ ಹುಟ್ಟಿದವರು. 2007ರಲ್ಲಿ ಥಾಯ್ಲೆಂಡಿನ ಮಾಜಿ ಪ್ರಧಾನಿ ಥಾಕ್ಸಿನ್ ಶಿನವಾತ್ರ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿ ಕ್ಲಬ್ಬನ್ನು ಖರೀದಿಸಿದಾಗ ಅಲ್ಲಿಗೆ ಸೇರಿಸಿಕೊಳ್ಳಲಾದ ಮೂವರು ಥಾಯ್ ಆಟಗಾರರಲ್ಲಿ ಅವರೂ ಒಬ್ಬರು. ಇಂಗ್ಲೆಂಡಿನಲ್ಲಿ ಆಡಲು ಕೆಲಸದ ಪರವಾನಗಿ ಸಿಗಲಿಲ್ಲ. ಸ್ವಿಟ್ಜರ್ಲೆಂಡಿನ ಗ್ರಾಸ್‌ಹಾಪರ್ ಕ್ಲಬ್ಬಿಗೆ ಎರವಲಾಗಿ ಹೋದರೂ ಅವಕಾಶ ಒದಗಲಿಲ್ಲ. 2014ರಲ್ಲಿ ಅಲ್ಮೇರಿಯಾ ಕ್ಲಬ್ಬಿನ ಪರವಾಗಿ ಸ್ಪೇನಿನ ಮೇಲ್ಮಟ್ಟದ ಲೀಗ್ ಲಾ ಲೀಗಾದಲ್ಲಿ ಆಡಿದ ಮೊದಲ ಥಾಯ್ ಆಟಗಾರನೆನಿಸಿಕೊಂಡು, ಅಲ್ಲಿನ ಕಪ್ ಪಂದ್ಯಾವಳಿ ಕೋಪಾ ಡೆಲ್ ರೇಯಲ್ಲಿ ಒಂದು ಗೋಲನ್ನೂ ಹೊಡೆದು, ಬಹುಪಾಲು ಬೆಂಚಿನಲ್ಲೇ ಕುಳಿತು, ಋತು ಮುಗಿಯುವ ಮುನ್ನವೇ ಹಿಂತಿರುಗಿದರು. ನಮ್ಮ ಕಡೆಯಾಗಿದ್ದರೆ ‘ಹೋದ ಪುಟ್ಟ, ಬಂದ ಪುಟ್ಟ’ ಎಂದು ಅಲ್ಲಿಗೇ ಷರಾ ಬರೆದುಬಿಡುತ್ತಿದ್ದೆವು. ಇಲ್ಲಿನ ಅಭಿಮಾನಿಗಳಿಗೆ ಆತ ಆಗಲೂ ‘ಮುಯ್’, ಈಗಲೂ ‘ಮುಯ್’. ಆ ಅಡ್ಡಹೆಸರನ್ನು ಮನೆಯ ಹುಡುಗನನ್ನು ಕರೆಯುವಂತೆಯೇ ಕರೆಯುತ್ತಾರೆ.

ಅಭಿಮಾನವೊಂದೇ ಆಗಿದ್ದರೆ ಅದರಿಂದ ಹೊಟ್ಟೆ ತುಂಬುತ್ತಿರಲಿಲ್ಲ. ಅವರು ಮರಳಿ ಬಂದಾಗಲೆಲ್ಲ ಊರಿನಲ್ಲಿ ಬೆಳೆಯುತ್ತಿದ್ದ ಒಂದು ಲೀಗ್ ಇತ್ತು. ಹಿಂದೆ ಬ್ಯಾಂಕಾಕಿನ ಫುಟ್‌ಬಾಲ್ ಕೂಡ ನಮ್ಮ ಎಚ್‌ಎಎಲ್, ಐಟಿಐ ಕಾರ್ಖಾನೆ ತಂಡಗಳ ಕಾಲದಂತೆ ಬ್ಯಾಂಕು, ಬಂದರು, ವಾಯುಪಡೆ, ವಿದ್ಯುತ್ ಇಲಾಖೆಗಳ ತಂಡಗಳ ಆಟವಾಗಿತ್ತು. 2009ರ ಹೊತ್ತಿಗೆ ಏಷ್ಯಾ ಫುಟ್‌ಬಾಲ್ ಒಕ್ಕೂಟದ ನಿಯಮಕ್ಕೆ ತಲೆಬಾಗಿ ಕ್ಲಬ್ಬುಗಳು ಕಂಪನಿಗಳಾಗಬೇಕಾಯಿತು. ಕ್ರುಂಗ್ ಥಾಯ್ ಬ್ಯಾಂಕಿನ ಜಾಗಕ್ಕೆ ಬ್ಯಾಂಕಾಕ್ ಗ್ಲಾಸ್ ಬಂದಿತು. ವಿದ್ಯುತ್ ಇಲಾಖೆಯ ತಂಡ ಬುರಿರಾಮ್ ಪ್ರಾಂತ್ಯಕ್ಕೆ ಸ್ಥಳಾಂತರಗೊಂಡು ದೇಶದ ಅತಿ ಬಲಿಷ್ಠ ಕ್ಲಬ್ಬಾಯಿತು. ಇದರ ಹಿಂದೆ ರಾಜಕಾರಣಿಗಳ ಹಣವಿತ್ತು, ಲೆಕ್ಕಾಚಾರವೂ ಇತ್ತು. ಅದನ್ನು ಮುಚ್ಚಿಟ್ಟು ಹೊಗಳಬೇಕಾಗಿಲ್ಲ. ಹಾಗಿದ್ದರೂ ಬುರಿರಾಮ್, ಚಿಯಾಂಗ್ ರಾಯ್, ರಾಚಬುರಿಯಂಥ ದೂರದ ಊರುಗಳ ಜನರು ಸಂಜೆ ತಮ್ಮ ಪ್ರಾಂತ್ಯದ ಅಂಗಿ ತೊಟ್ಟು, ಕ್ರೀಡಾಂಗಣದ ಹೊರಗೆ ಕೆಂಡದ ಮೇಲೆ ಸುಟ್ಟ ಮಾಂಸದುಂಡೆಗಳ ಕಡ್ಡಿ ಹಿಡಿದು, ಮಕ್ಕಳೊಂದಿಗೆ ಒಳಹೋಗುವುದು ಸಾಧ್ಯವಾದದ್ದು ಆ ಬದಲಾವಣೆಯಿಂದಲೇ. ತೀರಸಿಲ್ 2012ರಲ್ಲಿ ಮುವಾಂಗ್‌ಥಾಂಗ್ ಯುನೈಟೆಡ್ ಪರ 24 ಗೋಲು ಹೊಡೆದದ್ದು ಇಂಥ ಲೀಗಿನಲ್ಲಿ; ಅಲ್ಲಿಂದಲೇ ಅಲ್ಮೇರಿಯಾ, ಆಮೇಲೆ ಜಪಾನಿನ ಹಿರೋಷಿಮಾ ಕ್ಲಬ್ಬುಗಳು ಅವರನ್ನು ಕರೆದವು.

ನಮ್ಮಲ್ಲಿ ಎಚ್‌ಎಎಲ್ ತಂಡ 2010ರಿಂದ ಎರಡು ಋತುಗಳ ಕಾಲ ಆಗಿನ ದೇಶದ ಮೇಲ್ಮಟ್ಟದ ಲೀಗಾದ ಐ–ಲೀಗ್‌ನಲ್ಲಿ ಆಡಿ ಕೆಳಗಿಳಿಯಿತು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಹೊಸದಾಗಿಯೇ ಕಟ್ಟಿದ ತಂಡ; ಮೊದಲ ಋತುವಿನಲ್ಲೇ ಐ–ಲೀಗ್ ಗೆದ್ದದ್ದು ಸಣ್ಣ ಮಾತಲ್ಲ. ಅಮೆರಿಕದ ಕಾನ್ಸಸ್ ಸಿಟಿ ಕ್ಲಬ್, ಪೋರ್ಚುಗಲ್ಲಿನ ಸ್ಪೋರ್ಟಿಂಗ್ ಕ್ಲಬ್ಬಿನ ಎರಡನೇ ತಂಡ ಎಂದು ಸುತ್ತಿ ಬಂದ ಛೆಟ್ರಿಗೂ ಅಲ್ಲಿಯೇ ನೆಲೆ ಸಿಕ್ಕಿತು. ಆದರೆ ಮಂಗಳೂರು, ಮೈಸೂರು, ಹುಬ್ಬಳ್ಳಿಗಳ ಹೆಸರಿನ ಕ್ರಿಕೆಟ್ ತಂಡಗಳಿಗೆ ಹಣ ಹೂಡುವವರು ಸಿಗುವ ರಾಜ್ಯದಲ್ಲಿ, ಬೆಂಗಳೂರಿನಾಚೆಯ ಯಾವ ಊರೂ ದೇಶದ ಮೇಲ್ಮಟ್ಟದ ಫುಟ್‌ಬಾಲ್ ಲೀಗ್ ತಲುಪಿಲ್ಲ. 2023ರಲ್ಲಿ ರಿಯಾದ್‌ನಲ್ಲಿ ಕರ್ನಾಟಕ 54 ವರ್ಷಗಳ ಬಳಿಕ ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಾಗ ಎಷ್ಟು ಮನೆಗಳಿಗೆ ಆ ಸುದ್ದಿ ತಲುಪಿತೋ!

ಥಾಯ್ ಲೀಗಿನಲ್ಲಿಯೂ ವಿದೇಶಿ ಸ್ಟ್ರೈಕರ್‌ಗಳ ಭರಾಟೆ ಕಡಿಮೆಯಿಲ್ಲ. 2017ರಲ್ಲಿ ಡ್ರಾಗನ್ ಬೋಸ್ಕೋವಿಚ್ 38, ಮರುವರ್ಷ ಡಿಯೋಗೊ 34 ಗೋಲು ಹೊಡೆದರು. ಬ್ರೆಜಿಲಿನ ಕ್ಲೈಟನ್ ಸಿಲ್ವ 2012ರಲ್ಲಿ ತೀರಸಿಲ್‌ಗೆ ಸಮನಾಗಿ 24 ಗೋಲು ಗಳಿಸಿ, ಮುಂದೆ ಅವರದೇ ಕ್ಲಬ್ಬಿನಲ್ಲಿ ಜೊತೆಗೆ ಆಡಿ, 2020ರಲ್ಲಿ ಬೆಂಗಳೂರು ಎಫ್‌ಸಿಗೆ ಬಂದು ಛೆಟ್ರಿಯ ಪಕ್ಕದಲ್ಲೂ ನಿಂತರು. ವಿದೇಶಿಯರು ಬಂದರೆ ನಮ್ಮ ಹುಡುಗರಿಗೆ ಜಾಗವಿಲ್ಲ ಎಂಬ ನಮ್ಮವರ ದೂರನ್ನು ನಾನು ಪೂರ್ತಿ ಒಪ್ಪದಿರುವುದು ಇದೇ ಕಾರಣಕ್ಕೆ. ಆ ಪೈಪೋಟಿಯ ನಡುವೆಯೇ ತೀರಸಿಲ್ ಆಗ್ನೇಯ ಏಷ್ಯಾ ಚಾಂಪಿಯನ್‌ಷಿಪ್‌ನ ಸಾರ್ವಕಾಲಿಕ ಗರಿಷ್ಠ ಗೋಲುಗಾರರಾದರು, 2016, 2020 ಮತ್ತು 2022ರ ಆವೃತ್ತಿಗಳಲ್ಲಿ ಪ್ರಶಸ್ತಿಯನ್ನೂ ಗೆದ್ದರು. ಛೆಟ್ರಿಯವರನ್ನಾದರೋ 2024ರಲ್ಲಿ ಬೀಳ್ಕೊಟ್ಟು, ಗೋಲು ಹೊಡೆಯುವವರು ಕಾಣದೆ, 2025ರ ಮಾರ್ಚ್‌ನಲ್ಲಿ 40ರ ವಯಸ್ಸಿನಲ್ಲಿ ಮತ್ತೆ ರಾಷ್ಟ್ರೀಯ ತಂಡಕ್ಕೆ ಕರೆಸಿಕೊಳ್ಳಬೇಕಾಯಿತು.