ಗೋವಾಕ್ಕೆ ಹೊರಟ ಹೃದಯ

ಕಾರವಾರದ ಒಂದು ಸಭಾಂಗಣದಲ್ಲಿ ಮೊನ್ನೆ ಹೃದಯದ ಉದ್ಘಾಟನೆಯಾಯಿತು. ರಿಬ್ಬನ್ ಇತ್ತು, ಕತ್ತರಿ ಇತ್ತು. ಹೃದಯ ಮಾತ್ರ, ಗಾಳಿಯಲ್ಲಿ ಮೂರು ಆಯಾಮದ ಚಿತ್ರ ತೋರಿಸುವ ಕನ್ನಡಕ ತೊಟ್ಟವರಿಗಷ್ಟೇ ಇತ್ತು. ಒಟ್ಟು ಆರು ಕನ್ನಡಕ. ಐದು ಗಣ್ಯರಿಗೆ, ಒಂದು ವಿದ್ಯಾರ್ಥಿನಿಗೆ. ಫೋಟೋಗೆ ವಿದ್ಯಾರ್ಥಿಯೂ ಬೇಕಲ್ಲ!

ವಿದ್ಯೆಯೇನೋ ಒಳ್ಳೆಯದೇ. ಕನ್ನಡಕಗಳೆಲ್ಲ ಕೋಣೆಯ ಒಂದು ಬಿಂದುವನ್ನು ಗುರುತಿಟ್ಟುಕೊಂಡು ವೈಫೈಯಲ್ಲಿ ಪರಸ್ಪರ ತಿಳಿಸುತ್ತಿದ್ದರೆ ಎಲ್ಲರಿಗೂ ಅದೇ ಹೃದಯ ಅದೇ ಜಾಗದಲ್ಲಿ ಕಾಣುತ್ತದೆ. ಅಧ್ಯಾಪಕರು ಎಡ ಹೃತ್ಕುಕ್ಷಿಗೆ, ಅಂದರೆ ಹೃದಯದ ಎಡ ಕೆಳಕೋಣೆಗೆ, ಬೆರಳಿಟ್ಟರೆ ಎದುರು ನಿಂತವರಿಗೂ ಬೆರಳು ಅಲ್ಲಿಯೇ. ಹೆಣ ಕೆಡದಂತೆ ಹಾಕುವ ಫಾರ್ಮಾಲಿನ್ ಘಾಟಿಗೆ ಕಣ್ಣುರಿಯುವುದಿಲ್ಲ, ಕತ್ತರಿಸಿದ್ದನ್ನು ಮತ್ತೆ ಜೋಡಿಸಬಹುದು. ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯ ಮೈಕ್ರೋಸಾಫ್ಟಿನ ಹೋಲೋಲೆನ್ಸ್ ಎಂಬ ಇಂಥದೇ ಕನ್ನಡಕ ತೊಡಿಸಿ ಹೀಗೆ ಅಂಗರಚನೆ ಕಲಿಸಿತು. 2024ರಲ್ಲಿ ಮೈಕ್ರೋಸಾಫ್ಟ್ ಆ ಕನ್ನಡಕದ ತಯಾರಿಕೆಯನ್ನೇ ನಿಲ್ಲಿಸಿತು. ಅಲ್ಲಿ ನಿಂತ ಮೇಲೆ ಇಲ್ಲಿ ಉದ್ಘಾಟಿಸುವುದು ನಮ್ಮ ಪದ್ಧತಿಗೆ ಒಪ್ಪುವಂಥದ್ದೇ. ಆದರೆ ಇದು ಬೇರೆ ಕಂಪನಿಯದಂತೆ.

ಮುಖ್ಯ ಅತಿಥಿಗಳಿಗೆ ಆಗಷ್ಟೇ ಮೈಸೂರು ಪೇಟ ತೊಡಿಸಿದ್ದರು. ಕನ್ನಡಕದ ಪಟ್ಟಿ ಅದರ ಮೇಲೆ ಕೂರಲಿಲ್ಲ. ಪೇಟ ತೆಗೆದರೆ ಗೌರವ ಹೋಗುತ್ತದೆ, ಕನ್ನಡಕ ಬಿಟ್ಟರೆ ಹೃದಯ ಹೋಗುತ್ತದೆ. ಕೊನೆಗೆ ಬೈನಾಕ್ಯುಲರಿನಂತೆ ಕೈಯಲ್ಲಿ ಹಿಡಿದು, “ಆಹಾ, ಎಷ್ಟು ಸ್ಪಷ್ಟ!” ಎಂದರು. ಸ್ವಿಚ್ ಇನ್ನೂ ಹಾಕಿರಲಿಲ್ಲ.

ಹಾಕಿದ ಮೇಲೆ ಎರಡು ನಿಮಿಷ ಚೆನ್ನಾಗಿಯೇ ನಡೆಯಿತು. ಆಮೇಲೆ ಆಷಾಢದ ಮಳೆಗೆ ಕರೆಂಟ್ ಹೋಯಿತು, ಅದರ ಹಿಂದೆಯೇ ವೈಫೈ. ಕನ್ನಡಕಗಳು ಮಾತು ಬಿಟ್ಟವು. ಅಧ್ಯಕ್ಷರಿಗೆ ಹೃದಯ ಮೇಜಿನಡಿ ಕಂಡಿತು, ಉಪಾಧ್ಯಕ್ಷರಿಗೆ ಅಧ್ಯಕ್ಷರ ಕುರ್ಚಿಯ ಮೇಲೆ. ವಿದ್ಯಾರ್ಥಿನಿ ಮಾತ್ರ ಉತ್ತರದ ಕಿಟಕಿಯತ್ತ ಬೆರಳು ಮಾಡಿ, “ಸರ್, ಹೃದಯ ಗೋವಾ ಕಡೆ ಹೊರಟಿದೆ” ಎಂದಳು.

ಯಾರೂ ನಗಲಿಲ್ಲ. ಈ ಉತ್ತರ ಕನ್ನಡ ಜಿಲ್ಲೆಯ ಹೃದಯಗಳಿಗೆ ಹೊರಗಿನ ಆಸ್ಪತ್ರೆಗಳ ದಾರಿ ಬಾಯಿಪಾಠ. ಕಾರವಾರದ್ದು ಕಾಳಿ ಸೇತುವೆ ದಾಟಿ ಗೋವಾದ ಬಾಂಬೋಲಿಂಗೆ, ಭಟ್ಕಳದ್ದು ಮಣಿಪಾಲಕ್ಕೆ, ಶಿರಸಿಯದ್ದು ಹುಬ್ಬಳ್ಳಿಗೆ. ಆಂಬುಲೆನ್ಸಿನಲ್ಲಿ ಮಲಗಿದವರು ಹೊಂಡಗಳನ್ನು ಲೆಕ್ಕ ಹಾಕಿಯೇ ಊರು ಹೇಳಬಲ್ಲರು.

ಹಾಗೆ ನೋಡಿದರೆ ಒಟ್ಟಾಗಿ ನಿಂತು ಇಲ್ಲದ್ದನ್ನು ನೋಡುವ ವಿದ್ಯೆ ನಮಗೇನು ಹೊಸದೇ? ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರ ಜುಲೈಯಲ್ಲಿ ಜಿಲ್ಲೆಗೆ ಜಿಲ್ಲೆಯೇ ಕೂಗಿತು. ಆಮೇಲೆ ಭಾಷಣಗಳಲ್ಲಿ ಎಷ್ಟು ಸಲ ಆ ಕಟ್ಟಡವನ್ನು ನೋಡಿಲ್ಲ! ಅದೂ ಹೀಗೆಯೇ, ಮಾತನಾಡುವವರ ಊರಿಗೆ ತಕ್ಕಂತೆ ಜಾಗ ಬದಲಿಸುತ್ತದೆ. ಸುತ್ತು ಹಾಕಬಹುದು, ಬೆರಳಿಟ್ಟು ತೋರಿಸಬಹುದು, ಮಲಗಲು ಮಾತ್ರ ಬರುವುದಿಲ್ಲ.

ಮಳೆಗೆಂದು ಬಾಗಿಲಲ್ಲಿ ನಿಂತಿದ್ದ ಅಂಕೋಲೆಯ ಅಜ್ಜಿಯೊಬ್ಬರು ಇದನ್ನೆಲ್ಲ ನೋಡುತ್ತಿದ್ದರು. ವಿದ್ಯಾರ್ಥಿನಿ ಹೊರಬಂದಾಗ ಕೇಳಿದರು: “ತಂಗಿ, ಇದನ್ನು ಹಾಕಿಕೊಂಡರೆ ಹೃದಯದ ಡಾಕ್ಟರೂ ಕಾಣುತ್ತಾರೆಯೇ?”

“ಇಲ್ಲ ಅಜ್ಜಿ, ಹೃದಯ ಮಾತ್ರ.”

“ಅದು ನನ್ನ ಹತ್ತಿರವೇ ಇದೆ” ಎಂದು ಅಜ್ಜಿ ಕೊಡೆ ಬಿಚ್ಚಿ ಬಸ್ ನಿಲ್ದಾಣದ ಕಡೆ ನಡೆದರು.